ಹುಲಿಕೆರೆಯ ಕಾವಲುಹಕ್ಕಿ

ಹುಲಿಕೆರೆಯ ಜವರಣ್ಣ ಪ್ಯಾಂಟು ಹಾಕಿಕೊಂಡು ಬಂದವರನ್ನು ನಂಬುತ್ತಿರಲಿಲ್ಲ, ಪುಸ್ತಕ ಹಿಡಿದು ಬಂದವರನ್ನಂತೂ ಇಲ್ಲವೇ ಇಲ್ಲ. ೧೯೯೮ರ ಮಾಗಿಯಲ್ಲಿ ಬಾಣಾವರದ ಚಿತ್ರಾ ಪ್ಯಾಂಟು ಹಾಕಿಕೊಂಡು, ಪುಸ್ತಕ ಹಿಡಿದುಕೊಂಡೇ ಬಂದಳು. ಮೈಸೂರಿನಲ್ಲಿ ಓದುತ್ತಿದ್ದಳಂತೆ. ಗೌಜಲಹಕ್ಕಿಗಳು ಕೂಗಿ ಕೂಗಿ ಒಂದಕ್ಕೊಂದು ಏನು ಹೇಳುತ್ತವೆಂದು ಟೇಪು ಮಾಡಿಕೊಳ್ಳಬೇಕಂತೆ.

“ಹಕ್ಕಿ ಕೂಗೋದ ಕೇಳಕ್ಕೆ ಬಾಣಾವರದಿಂದ ಬತ್ತಾರೇನೇ? ಇವಳು ಫಾರೆಸ್ಟಿನೋರ ಕಡೆಯೋಳೇ ಕಣೇ,” ಎಂದ ಹೆಂಡತಿ ಪುಟ್ಟಲಕ್ಷ್ಮಮ್ಮನಿಗೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹುರುಳಿ ಹೊಲದ ಬದುವಿನಲ್ಲಿ ಉರುಲು ಒಡ್ಡಿ ಗೌಜಲು ಹಿಡಿಯುವುದು ಜವರಣ್ಣನಿಗೆ ಅಪ್ಪ ಕಲಿಸಿದ ವಿದ್ಯೆ. ಬಾಯಿಗೆ ಬೊಗಸೆ ಕಟ್ಟಿ ಗಂಡುಹಕ್ಕಿಯಂತೆ ಕೂಗಿದರೆ ಇನ್ನೊಂದು ಗಂಡು ಜಗಳಕ್ಕೆ ಓಡಿ ಬಂದು ಸಿಕ್ಕಿಬೀಳುತ್ತಿತ್ತು. ಹಾವು ಕಂಡ ಹಕ್ಕಿಯ ‘ಕಿರ್ರ್’ ಕೂಡ ಅವನಿಗೆ ಬರುತ್ತಿತ್ತು. ಅದನ್ನು ಕೇಳಿದರೆ ಬೇಲಿಯೆಲ್ಲ ಗಪ್‌ಚಿಪ್.

ಹುಡುಗಿ ಹೊಲದ ಕಡೆ ತಿರುಗಿದಾಗಲೆಲ್ಲ ಅವನು ಪೊದೆಯ ಹಿಂದೆ ಕೂತು ‘ಕಿರ್ರ್’ ಎನ್ನುತ್ತಿದ್ದ. ಹಕ್ಕಿ ಕೂಗದಿದ್ದರೆ ಬೇರೆ ಊರು ನೋಡಿಕೊಂಡು ಹೋಗುತ್ತಾಳೆ, ಉರುಲು ಅವಳ ಕಣ್ಣಿಗೆ ಬೀಳುವುದಿಲ್ಲ ಎಂಬುದು ಲೆಕ್ಕಾಚಾರ. ಆ ಹಟಮಾರಿ ಮೂರು ತಿಂಗಳಾದರೂ ಜಾಗ ಬಿಡಲಿಲ್ಲ. ಪುಟ್ಟಲಕ್ಷ್ಮಮ್ಮ ಅವಳಿಗೆ ದಿನಾ ರೊಟ್ಟಿ ಬೇರೆ ತಟ್ಟಿ ಕೊಡುತ್ತಿದ್ದಳು. ಜವರಣ್ಣ ಒಳಗೊಳಗೇ ಕುದಿಯುತ್ತಿದ್ದ.

ಒಂದು ಭಾನುವಾರ ಚಿತ್ರಾ ಜಗಲಿಯ ಮೇಲೆ ಟೇಪು ಹಾಕಿ, “ಕೇಳಿ ಜವರಣ್ಣ,” ಎಂದಳು. ‘ಕಿರ್ರ್... ಕಿರ್ರ್.’ “ಮನುಷ್ಯರು ಬರೋದು ಗೊತ್ತಾದ್ರೆ ಇದೊಂದೇ ಹಕ್ಕಿ ಎಲ್ಲಕ್ಕೂ ಹೇಳುತ್ತೆ. ಕಾವಲುಹಕ್ಕಿ! ನನ್ನ ಓದೆಲ್ಲ ಇದರ ಮೇಲೇ ನಿಂತಿರೋದು. ನಾಳೆ ನಮ್ಮ ಮೇಷ್ಟ್ರಿಗೆ ಕೇಳಿಸ್ತೀನಿ.”

ಅದು ತನ್ನದೇ ಕೂಗೆಂದು ಜವರಣ್ಣನಿಗೆ ಗೊತ್ತಾಯಿತು. ಸುಮ್ಮನಿದ್ದರೆ ತಾನು ಬಚಾವು. ಆದರೆ ಹುಡುಗಿಯ ಮುಖ ಹಬ್ಬದ ಮನೆಯ ಹಾಗಿತ್ತು. ನಾಲ್ಕು ಜನ ಓದಿದವರ ಮುಂದೆ ಇವಳ ಮರ್ಯಾದೆ ಹೋದರೆ? ಪಾಪ ಅನ್ನಿಸಿತು, ನಾಚಿಕೆಯೂ ಆಯಿತು.

“ಅದು ಹಕ್ಕಿ ಅಲ್ಲ ಕಣವ್ವ,” ಎಂದು ಬಾಯಿಗೆ ಬೊಗಸೆ ಕಟ್ಟಿ ಕೂಗಿ ತೋರಿಸಿದ. ಉರುಲಿನ ವಿಷಯವನ್ನೂ ಬಾಯಿಬಿಟ್ಟ.

ಚಿತ್ರಾ ಬಿಕ್ಕಿ ಬಿಕ್ಕಿ ಅತ್ತಳು. ಕೊನೆಗೆ ಕಣ್ಣೊರೆಸಿಕೊಂಡು, “ಉರುಲೆಲ್ಲ ಕಿತ್ತು ಹಾಕಿ. ನಾಳೆಯಿಂದ ನನ್ನ ಪಕ್ಕದಲ್ಲೇ ಕೂತಿರಿ,” ಎಂದಳು.

“ಫಾರೆಸ್ಟಿನೋರಿಗೆ ಹೇಳಾಕಿಲ್ವಾ?” ಎಂದು ಅವನು ಕೇಳುವಷ್ಟರಲ್ಲಿ ಅವಳು ಟೇಪು ಎತ್ತಿಕೊಂಡು ಜಗಲಿ ಇಳಿದಿದ್ದಳು.

ಅವನು ಉರುಲು ಕಿತ್ತು ಒಲೆಗೆ ಹಾಕಿದ. ಮತ್ತೆ ಮೂರು ತಿಂಗಳು ದಿನಾ ಬೆಳಿಗ್ಗೆ ಅವಳ ಪಕ್ಕದಲ್ಲಿ ಕೂತ. ಯಾವ ಕೂಗು ಜಗಳದ್ದು, ಯಾವುದು ಮರಿ ಕರೆಯುವುದು ಎಂದು ಹೇಳಿಕೊಟ್ಟ. ಅವಳು ಒಂದೂ ಬಿಡದೆ ಬರೆದುಕೊಂಡಳು. ಆದರೆ ಬೇಲಿಯಲ್ಲಿ ಹಕ್ಕಿ ಕೂಗಿದಾಗಲೆಲ್ಲ ಅವಳು ಮೊದಲು ತಿರುಗಿ ನೋಡುತ್ತಿದ್ದುದು ಜವರಣ್ಣನ ಬಾಯನ್ನು. ನಾಲ್ಕನೆಯ ದಿನದಿಂದ ಅವನು ಬಾಯಿಗೆ ಟವೆಲು ಕಟ್ಟಿಕೊಂಡು ಬರತೊಡಗಿದ.