ಮೈನಸ್ ಚೀಲ

ಸಿಂದಗಿ ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆಯಲ್ಲಿ ನಾನು ಬ್ಯಾಂಕ್ ಪರೀಕ್ಷೆಗೆ ಗಣಿತ ಕಲಿಸುತ್ತಿದ್ದೆ. ಬರುವವರು ಹೆಚ್ಚಾಗಿ ಒಕ್ಕಲುತನದ ಮನೆಯವರು. ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬ ಅಸಮಾನತೆಯ ಲೆಕ್ಕ ಬಂದಾಗ ಬೋರ್ಡಿನ ಮೇಲೆ ಮೊದಲು ಎರಡು ಚೀಲ ಬರೆಯುತ್ತಿದ್ದೆ. ಎಕ್ಸ್ ಎಂದರೆ ತೊಗರಿ ಚೀಲ, ವೈ ಎಂದರೆ ಜೋಳದ ಚೀಲ. ಎಲ್ಲರಿಗೂ ಬೇಗ ತಿಳಿಯುತ್ತಿತ್ತು. ನನಗೆ ಅದೇ ಹೆಮ್ಮೆ.

ಆ ವರ್ಷ ನಮ್ಮಲ್ಲಿಂದ ಒಬ್ಬರನ್ನು ಮಾತ್ರ ವಿಜಯಪುರದ ಉಚಿತ ತರಬೇತಿಗೆ ಕಳಿಸುವುದಿತ್ತು. ಆಯ್ಕೆಗೆ ನಾನೇ ಪರೀಕ್ಷೆ ಇಟ್ಟೆ. ಅದರಲ್ಲೊಂದು ಪ್ರಶ್ನೆ: ಎಕ್ಸ್, ವೈಗಿಂತ ದೊಡ್ಡದೇ? ಇದನ್ನು ಖಚಿತವಾಗಿ ಹೇಳಲು ಯಾವ ಹೇಳಿಕೆ ಸಾಕು ಎಂದಷ್ಟೇ ಗುರುತಿಸಬೇಕು. ಮೊದಲನೆಯದು, ಎಕ್ಸನ್ನು ವೈಯಿಂದ ಭಾಗಿಸಿದರೆ ಒಂದಕ್ಕಿಂತ ಹೆಚ್ಚು ಬರುತ್ತದೆ. ಎರಡನೆಯದು, ವೈ ಸೊನ್ನೆಗಿಂತ ದೊಡ್ಡದು. ಮೊದಲನೆಯದೊಂದೇ ಸಾಕು ಎಂಬುದು ನಾನು ಬರೆದಿಟ್ಟ ಉತ್ತರ.

ಯಂಕಂಚಿಯಿಂದ ಬರುವ ಹುಡುಗಿಯೊಬ್ಬಳು ಎರಡೂ ಬೇಕು ಎಂದು ಬರೆದಿದ್ದಳು. ಅವಳಿಗೆ ಮೂವತ್ತು ಅಂಕ. ನಾನು ಕಲಿಸಿದಂತೆಯೇ ಬರೆದ ಹುಡುಗನಿಗೆ ಮೂವತ್ತೊಂದು, ಎಲ್ಲರಿಗಿಂತ ಹೆಚ್ಚು. ಸೋಮವಾರ ಬೆಳಿಗ್ಗೆ ಅವಳು ಉತ್ತರಪತ್ರಿಕೆ ಹಿಡಿದು ನನ್ನ ಮೇಜಿನ ಬಳಿ ಬಂದಳು.

“ಸರ್, ಎರಡೂ ಮೈನಸ್ ಇದ್ರ?”

“ಮೈನಸ್ ಚೀಲ ಎಲ್ಲಿ ನೋಡೀಯವಾ? ನಿಮ್ಮ ಯಂಕಂಚ್ಯಾಗ ಬೆಳೀತಾವೇನು?”

ಕೋಣೆಯೆಲ್ಲ ನಕ್ಕಿತು. ಅವಳು ಕದಲಲಿಲ್ಲ.

“ಚೀಲ ನೀವು ತಂದ್ರಿ ಸರ್. ಪ್ರಶ್ನೆದಾಗ ಚೀಲ ಇಲ್ರಿ.”

“ಸಾಕು, ಹೋಗಿ ಕುಂದ್ರು.”

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಹಾಳೆ ತೆಗೆದುಕೊಂಡೆ. ಮೈನಸ್ ನಾಲ್ಕನ್ನು ಮೈನಸ್ ಎರಡರಿಂದ ಭಾಗಿಸಿದೆ. ಎರಡು ಬಂತು, ಒಂದಕ್ಕಿಂತ ಹೆಚ್ಚು. ಆದರೆ ಮೈನಸ್ ನಾಲ್ಕು, ಮೈನಸ್ ಎರಡಕ್ಕಿಂತ ಚಿಕ್ಕದು. ಅವಳು ಬರೆದದ್ದೇ ಸರಿ. ಮೂವತ್ತೊಂದು ಅವಳದು, ಮೂವತ್ತು ಅವನದು.

ಅಷ್ಟರಲ್ಲಿ ಆ ಹುಡುಗನ ತಂದೆ ಪೇಡೆಯ ಡಬ್ಬಿ ಹಿಡಿದು ಬಂದರು. “ನಿಮ್ಮಿಂದ ಆತ್ರಿ ಸರ್, ಬಾಯಿ ಸಿಹಿ ಮಾಡ್ಕೋರಿ,” ಎಂದರು. ಹಾಳೆಯನ್ನು ಪುಸ್ತಕದೊಳಗೆ ಇಟ್ಟು ಒಂದು ಪೇಡೆ ತಿಂದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮಂಗಳವಾರ ಹುಡುಗನ ಹೆಸರನ್ನು ವಿಜಯಪುರಕ್ಕೆ ನಾನೇ ಕಳಿಸಿದೆ.

ಬುಧವಾರ ವಿಜಯಪುರಕ್ಕೆ ಫೋನ್ ಮಾಡಿದೆ. ಹೆಸರು ಬದಲಿಸಲು ಬರುವುದಿಲ್ಲ ಎಂದರು. ಅವಳನ್ನು ಬಾಗಿಲ ಹೊರಗೆ ಕರೆದು, “ನಿಂದು ಬರೋಬ್ಬರಿ ಐತವಾ, ನಂದ ತಪ್ಪು,” ಎಂದೆ.

“ಒಳಗ ಹೇಳ್ರಿ ಸರ್. ನಕ್ಕವರು ಒಳಗ ಅದಾರ.”

ಒಳಗೆ ಹೋಗಿ ಬೋರ್ಡಿನ ಮೇಲಿನ ಚೀಲಗಳನ್ನು ಒರೆಸಿ ಮೈನಸ್ ನಾಲ್ಕು, ಮೈನಸ್ ಎರಡು ಎಂದು ಬರೆದೆ. ವಿವರಿಸಿದೆ. ಯಾರೂ ನಗಲಿಲ್ಲ. ನನ್ನನ್ನು ನಂಬಿದ್ದ ಹುಡುಗ ತಲೆ ತಗ್ಗಿಸಿ ಕೂತಿದ್ದ.

ಅವಳು ಎದ್ದು ನಿಂತಳು. “ನಿಮಗ ಯಾವಾಗ ತಿಳೀತ್ರಿ ಸರ್?”

ಇವತ್ತು ಎಂದು ಹೇಳಬಹುದಿತ್ತು. ಬಾಯಿಯವರೆಗೂ ಬಂದಿತ್ತು.

“ಸೋಮವಾರ ಮಧ್ಯಾಹ್ನ,” ಎಂದೆ.

ಹೆಸರು ಹೋದದ್ದು ಮಂಗಳವಾರ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳು ಉತ್ತರಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು ಯಂಕಂಚಿ ಬಸ್ಸಿಗೆ ಹೋದಳು.