ಹೂಳಿನ ಮರ, ಅಪ್ಪನ ಸಹಿ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಫ್ರಿಜ್ ತೆರೆದವರೆಲ್ಲ ಒಮ್ಮೆ ಹಿಂದೆ ಸರಿಯುತ್ತಿದ್ದರು. ಕೊತ್ತಂಬರಿ, ಮೆಂತ್ಯೆ ಇಡುವ ತಳದ ಡಬ್ಬದಲ್ಲಿ ಹಳೆಯ ಪೇಪರ್ ಸುತ್ತಿದ ಕರ್ರಗಿನ ತುಂಡುಗಳು. ಮೊಸರು ತೆಗೆಯಲು ಹೋದರೆ ಕೆರೆ ಕೆಸರಿನ ವಾಸನೆ.

"ಏನ್ರಿ ಇದು?" ಎಂದೆ.

"ಕಟಗಿ," ಎಂದರು ನಮ್ಮ ಮನೆಯವರು. "ಒಣಗಾಕಿಟ್ಟೇನಿ."

ಕಟ್ಟಿಗೆಯನ್ನು ಫ್ರಿಜ್‌ನಲ್ಲಿ ಒಣಗಿಸುವ ಗಂಡ ನಿಮ್ಮಲ್ಲಿ ಯಾರಿಗಾದರೂ ಸಿಕ್ಕಿದ್ದಾನೆಯೇ? (ಸಿಕ್ಕಿದ್ದರೆ ತಿಳಿಸಿ. ಇಬ್ಬರೂ ಸೇರಿ ಸಂಘ ಕಟ್ಟೋಣ.)

ನಮ್ಮ ಮನೆಯವರು ಬಸ್ ಡಿಪೋದ ವರ್ಕ್‌ಶಾಪ್‌ನಲ್ಲಿ ಲೇತ್ ಮಷೀನ್ ನಡೆಸಿ ನಿವೃತ್ತರಾದವರು. ಜೀವನವಿಡೀ ಕಬ್ಬಿಣ, ಹಿತ್ತಾಳೆ ಕಡೆದರು. ಮನೆಯಲ್ಲಿ ಕುಂತ ಮೇಲೆ ಕೈ ಸುಮ್ಮನಿರಲಿಲ್ಲ. ಸೆಕೆಂಡ್ ಹ್ಯಾಂಡ್ ಸಣ್ಣ ಲೇತ್ ಒಂದನ್ನು ತಂದು ಹಿತ್ತಲ ಶೆಡ್‌ನಲ್ಲಿ ಹೂಡಿ, ಮರದ ಪೆನ್ನು ಮಾಡಲು ಶುರುಮಾಡಿದರು. ಹಾನಗಲ್ಲಿನಲ್ಲಿ ನಮ್ಮ ಮನೆಗೆ ಬಂದವರಿಗೆಲ್ಲ ಈಗ ಚಹಾದ ಜೊತೆ ಒಂದು ಪೆನ್ನು. ಬೇಡ ಎಂದರೂ ಬಿಡುವುದಿಲ್ಲ. (ಈ ಅಂಕಣವನ್ನು ನಾನು ಮೊಬೈಲ್‌ನಲ್ಲೇ ಟೈಪ್ ಮಾಡುತ್ತೇನೆ ಎಂಬುದು ಅವರಿಗಿರುವ ಒಂದೇ ಕೊರಗು.)

ಆ ಕಪ್ಪು ಮರ ಬಂದದ್ದು ಹೂಳಿನೊಳಗೆ. ಆಡೂರಿನ ಸಮೀಪ, ನಮ್ಮ ಜೊತೆಗೇ ಇರುವ ನನ್ನ ಅಪ್ಪನದೊಂದು ಹೊಲ ಇದೆ. ಅಲ್ಲಿ ಕೆರೆಯ ಹೂಳು ತೆಗೆಯುವಾಗ ನಾವೂ ಹೊಲಕ್ಕೆ ಮಣ್ಣು ಹಾಕಿಸಿದೆವು. ಟ್ರೇಲರ್ ಎತ್ತಿ ಮಣ್ಣು ಸುರಿದಾಗ ತೊಡೆ ಗಾತ್ರದ ಒಂದು ಕೊರಡು ದಪ್ಪೆಂದು ಬಿತ್ತು. ಡ್ರೈವರ್ ಅದನ್ನು ಬದುವಿಗೆ ಉರುಳಿಸಿದ. ನಮ್ಮ ಮನೆಯವರು ಕುಡಗೋಲಿನಿಂದ ಕೆರೆದು ನೋಡಿದರು. ಒಳಗೂ ಇದ್ದಿಲಿನಷ್ಟು ಕಪ್ಪು.

ಅದೇ ವಾರ ಅವರು ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ನೋಡಿದ್ದರಂತೆ. ಚಳಿ ದೇಶಗಳ ಜವುಗು ನೆಲದಲ್ಲಿ ಸಾವಿರಾರು ವರ್ಷ ಹೂತಿದ್ದ ಓಕ್ ಮರ ಹೀಗೇ ಕಪ್ಪಾಗುತ್ತದೆ, ಅದರಿಂದ ಪೆನ್ನು ಮಾಡುತ್ತಾರೆ ಎಂದು. ಕೊರಡನ್ನು ಗಾಡಿಗೆ ಹೇರಿಕೊಂಡೇ ಮನೆಗೆ ಬಂದರು.

ನಮ್ಮದು ಯಾವ ಮರ? ಪರಿಚಯದ ಬಡಿಗೇರರು ಮತ್ತಿ ಎಂದರು. ನಮ್ಮ ಅಪ್ಪ ಮೂಸಿ ನೋಡಿ, "ಇದು ಜಾಲಿ," ಎಂದ. ಎಷ್ಟು ಹಳೆಯದು? ಪಕ್ಕದ ಮನೆಯವರು ಆಡೂರಿನ ಸಾವಿರ ವರ್ಷಕ್ಕೂ ಹಳೆಯ ಶಾಸನಗಳ ಕಾಲದ್ದೇ ಇರಬೇಕು ಎಂದುಬಿಟ್ಟರು. ಯಾವುದೂ ಇತ್ಯರ್ಥವಾಗಿಲ್ಲ. ಆಗಬೇಕು ಎಂದು ಯಾರೂ ಹಟ ಹಿಡಿದಿಲ್ಲ.

ಮೊದಲು ಬಿಸಿಲಿಗಿಟ್ಟ ತುಂಡುಗಳು ಟಪ್ ಟಪ್ ಎಂದು ಸೀಳಿದವು. ನೀರಿನಲ್ಲೇ ಬಾಳಿದ ಮರಕ್ಕೆ ನಮ್ಮ ಏಪ್ರಿಲ್ ಬಿಸಿಲು ತಡೆಯಬೇಕಲ್ಲ! ನೆರಳಿಗಿಟ್ಟವೂ ಸೀಳಿದವು. ಉಳಿದವನ್ನು ಸಣ್ಣಗೆ ಕೊಯ್ದು, ತುದಿಗಳಿಗೆ ಮೇಣ ಬಳಿದು, ಫ್ರಿಜ್‌ಗೆ ಸೇರಿಸಿದರು. ನಿಧಾನವಾಗಿ ಒಣಗಲಿ ಎಂದು. ವಾರಕ್ಕೊಮ್ಮೆ ಪೇಪರ್ ಬದಲಿಸಿ, ತೂಕ ಮಾಡಿ, ಮತ್ತೆ ಒಳಗಿಡುವುದು. ನನ್ನ ಬಾಣಂತನವನ್ನೂ ಯಾರೂ ಇಷ್ಟು ಚೆನ್ನಾಗಿ ಮಾಡಿರಲಿಲ್ಲ.

ಈ ನಡುವೆ ನಮ್ಮ ಮಗಳು ಸುಧಾಳ ಮದುವೆಯಾಯಿತು. ಸವಣೂರಿನಲ್ಲಿ ಟೀಚರ್ ಆಗಿರುವವಳು, ಹುಡುಗ ಶಿಗ್ಗಾವಿಯವನು. ರಿಜಿಸ್ಟ್ರೇಷನ್ ಶಿಗ್ಗಾವಿಯಲ್ಲಿ ಮಾಡಿಸುವುದು ಎಂದಾಯಿತು. ಸುಧಾ ಬಂದು ನಮ್ಮ ಅಪ್ಪನ ಪಕ್ಕ ಕುಂತಳು.

"ಅಜ್ಜ, ಸಾಕ್ಷಿಗೆ ನಿನ್ನ ಸಹಿನ ಬೇಕು ನನಗ."

"ಆತು ಬಿಡವಾ, ಮಾಡ್ತೇನಿ," ಎಂದ ಅಪ್ಪ. ಮುಖವೆಲ್ಲ ನಗು.

ಎರಡು ದಿನಕ್ಕೆ ಆ ನಗು ಇಲ್ಲ. ಊಟಕ್ಕೆ ಕರೆದರೆ ಆಮೇಲೆ ಎನ್ನುತ್ತಾನೆ. ನೋಡಿದರೆ ಕಿಟಕಿಯ ಬಳಿ ಕುಂತು ಪೇಪರಿನ ಅಂಚಿನಲ್ಲಿ ಸಹಿ ಮಾಡುತ್ತಿದ್ದಾನೆ. ಮಾಡುತ್ತಿದ್ದಾನೆ ಎಂದರೆ ತಪ್ಪಾದೀತು. ಪೆನ್ನು ಬೆರಳ ಸಂದಿಯಿಂದ ಜಾರುತ್ತಿತ್ತು, ಅಕ್ಷರ ಗುಡ್ಡ ಹತ್ತಿ ಇಳಿಯುತ್ತಿತ್ತು. ಅಪ್ಪನ ಕೈ ನಡುಗುವುದು ನಮಗೆ ಹೊಸದಲ್ಲ. ಚಹಾದ ಕಪ್ಪನ್ನು ಅರ್ಧವೇ ತುಂಬಿ ಕೊಡುವುದು ರೂಢಿಯಾಗಿತ್ತು. ಆದರೆ ಆ ಕೈಯಲ್ಲಿ ಬರೆಯುವುದನ್ನು ನಾನು ನೋಡಿರಲಿಲ್ಲ.

"ಬ್ಯಾರೆ ಯಾರನ್ನರ ಕರ್ಕೊಂಡ್ ಹೋಗ್ರಿ," ಎಂದ. "ಮೊನ್ನೆ ಬ್ಯಾಂಕ್‌ನ್ಯಾಗ ಸಹಿ ಹಳೇದಕ್ಕ ಕೂಡವಲ್ದು ಅಂತ ಹೆಬ್ಬೆಟ್ಟ ಒತ್ತಿಸ್ಕೊಂಡ್ರು. ಎಲ್ಲಾರೂ ನೋಡಾಕತ್ತಿದ್ರು. ಬೀಗರ ಮುಂದ ನಾ ಒತ್ತಂಗಿಲ್ಲ."

ಇದರಲ್ಲೇನು ಅಷ್ಟು ದೊಡ್ಡದು ಎಂದು ನಿಮಗನ್ನಿಸಬಹುದು. ಅಪ್ಪ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಮದುವೆಯಾದ ಮೇಲೆ ನಾಲ್ಕನೇ ಇಯತ್ತೆ ಓದಿದ್ದ ನಮ್ಮ ಅವ್ವ ಅವನಿಗೆ ಹೆಸರು ಬರೆಯುವುದನ್ನು ಕಲಿಸಿದಳು. ಕಲಿತ ಮೇಲೆ, ಬ್ಯಾಂಕಿನ ಆ ದಿನದವರೆಗೆ, ಅಪ್ಪ ಎಲ್ಲಿಯೂ ಹೆಬ್ಬೆಟ್ಟು ಒತ್ತಿರಲಿಲ್ಲ. ಅವ್ವ ಹೋಗಿ ಬಹಳ ವರ್ಷವಾಯಿತು. ಅವಳು ಕೊಟ್ಟದ್ದರಲ್ಲಿ ಅವನ ಬಳಿ ಉಳಿದಿದ್ದುದು ಇದೊಂದೇ.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಮಾರನೆಯ ಬೆಳಿಗ್ಗೆ ನಾನು ಪಾತ್ರೆ ತೊಳೆಯುವಾಗ ಹಿತ್ತಲಿಗೆ ಕರೆದರು.

"ಮಾವಾರ ಕೈ ನೋಡು."

ಅಪ್ಪ ಟೊಮ್ಯಾಟೊ ಗಿಡಗಳ ನಡುವೆ ಕುಕ್ಕರುಗಾಲಲ್ಲಿ ಕುಂತು ಕುರ್ಪಿಯಿಂದ ಕಳೆ ತೆಗೆಯುತ್ತಿದ್ದ. ಗಿಡದ ಬುಡಕ್ಕೆ ಕೂದಲೆಳೆ ಅಂತರ ಬಿಟ್ಟು, ಒಂದು ಬೇರಿಗೂ ತಾಗದಂತೆ. ಕೈ? ಕಲ್ಲಿನಂತೆ ನಿಂತಿತ್ತು.

"ಕುರ್ಪಿ ಹಿಡಿ ದಪ್ಪೈತಿ, ತೂಕ ಐತಿ," ಎಂದರು ಇವರು. "ನಾವು ಕೊಡೂ ಪೆನ್ನಿನ ಕಡ್ಡಿ ಹಿಡಿಯೂ ಕೈನ ಅಲ್ಲ ಅದು."

ಅಪ್ಪ ಒಳಗೆ ಹೋದ ಮೇಲೆ ಕುರ್ಪಿಯ ಹಿಡಿಯನ್ನು ಅಳತೆ ಮಾಡಿಕೊಂಡರು. ಫ್ರಿಜ್‌ನಿಂದ ತುಂಡುಗಳನ್ನು ತೆಗೆದರು. ಅಷ್ಟು ದಪ್ಪಕ್ಕೆ ಸಾಲುವಂಥದ್ದು, ಸೀಳದೆ ಉಳಿದದ್ದು ಒಂದೇ ಒಂದು. ಕೆಟ್ಟರೆ ಇನ್ನೊಂದಿಲ್ಲ.

"ಸಾದಾ ಸಾಗವಾನಿಯೊಳಗ ಮಾಡ್ರಲ್ಲ," ಎಂದೆ.

"ಬ್ಯಾಡ. ಅವರ ಹೊಲಕ್ಕ ಬಂದದ್ದು ಇದು. ಅವರದ."

ಅಂದು ನಾನು ಮೊದಲ ಸಲ ಶೆಡ್‌ನಲ್ಲಿ ಪೂರ್ತಿ ಹೊತ್ತು ನಿಂತು ನೋಡಿದೆ. ಮರದ ನಡುವೆ ತೂತು ಕೊರೆದು, ತೂಕಕ್ಕೆಂದು ದಪ್ಪ ಹಿತ್ತಾಳೆ ಕೊಳವೆ ಕೂರಿಸಿದರು. ಲೇತ್ ತಿರುಗಿತು. ಉಳಿ ತಾಗಿದ್ದೇ ತಡ, ಕಪ್ಪು ಹುಡಿ ಅವರ ಮೀಸೆ ತುಂಬ. ಶೆಡ್ ತುಂಬ ಕೆರೆ ವಾಸನೆ. ಖಡಕ್ ರೊಟ್ಟಿಯಂತೆ ಪುಡಿಪುಡಿಯಾಗುವ ಮರ, ಸ್ವಲ್ಪ ಒತ್ತಿದರೂ ಚಕ್ಕೆ ಎದ್ದುಬಿಡುತ್ತದೆ ಎಂದು ಮೊದಲೇ ಹೇಳಿದ್ದರು. ಉಸಿರು ಬಿಡಲೂ ನನಗೆ ಹೆದರಿಕೆ.

ಇನ್ನೇನು ಮುಗಿಯಿತು ಎನ್ನುವಾಗ ಚಟ್ ಎಂದಿತು. ಮಷೀನ್ ನಿಲ್ಲಿಸಿದರು. ನಡುವೆ ಉದ್ದಕ್ಕೆ ಒಂದು ಬಿರುಕು.

ಅವರು ಕನ್ನಡಕ ಒರೆಸಿಕೊಂಡರು. ಆಮೇಲೆ ಹಿತ್ತಾಳೆಯ ಚೂರೊಂದನ್ನು ಅರದಿಂದ ತಿಕ್ಕಿ, ಆ ಪುಡಿಯನ್ನು ಬಿರುಕಿಗೆ ತುಂಬಿ, ಅಂಟು ಬಿಟ್ಟು, ಮತ್ತೆ ಕಡೆದರು. ಕರ್ರಗಿನ ಮೈಯಲ್ಲಿ ಬಂಗಾರದ ಗೆರೆ! ಬೇಕೆಂದೇ ಮಾಡಿದ್ದರೂ ಅಷ್ಟು ಚೆಂದ ಬರುತ್ತಿರಲಿಲ್ಲ.

ಉಜ್ಜುಕಾಗದ ಒರಟಿನಿಂದ ನಯಕ್ಕೆ ಬರುತ್ತಾ ಹೋಯಿತು. ಕೊನೆಗೆ ಹಳೆಯ ಬನಿಯನ್ ಚೂರಿನಿಂದ ಅಗಸೆ ಎಣ್ಣೆ ತೀಡಿದರು. ಒಂದು ದಿನ ಬಿಟ್ಟು ಇನ್ನೊಮ್ಮೆ, ಮತ್ತೆ ಬಿಟ್ಟು ಮತ್ತೊಮ್ಮೆ. ಮೇಲೆ ಜೇನುಮೇಣ. ಹೊಳಪು ಹೆಚ್ಚಾದರೆ ಕೈ ಜಾರುತ್ತದೆ ಎಂದು ಹಿಡಿಯುವ ಜಾಗವನ್ನು ಮಂಕಾಗಿಯೇ ಬಿಟ್ಟರು. ಒತ್ತದೆಯೂ ಬರೆಯಲಿ ಎಂದು ಒಳಗೆ ಜೆಲ್ ರಿಫಿಲ್.

ಅಪ್ಪ ಅದನ್ನು ಅಂಗೈಯಲ್ಲಿ ತೂಗಿ ನೋಡಿದ. "ಅಳಿಯಂದ್ರ, ಇದರಾಗ ಬರೀಬೇಕೋ, ನೇಗಿಲ ಹೂಡಬೇಕೋ?" ಎಂದ. ಆದರೆ ಕೆಳಗಿಡಲಿಲ್ಲ. ಸಂಜೆಯ ಹೊತ್ತಿಗೆ ಪೇಪರಿನ ಅಂಚೆಲ್ಲ ಸಹಿ. (ನನ್ನ ಅಂಕಣದ ಮೇಲೂ.)

ಶಿಗ್ಗಾವಿಯ ಕಚೇರಿಯಲ್ಲಿ ಅಂದು ಗದ್ದಲ. ನಮ್ಮ ಸರದಿ ಬಂತು. ಬೀಗರು ಸರಸರ ಸಹಿ ಹಾಕಿ ಸರಿದರು. ಅಪ್ಪ ಟೇಬಲ್ ಮುಂದೆ ಕುಂತ. ಎಲ್ಲರ ಕಣ್ಣು ಅವನ ಮೇಲೆ. ಕೈ ನಡುಗತೊಡಗಿತು. ಗುಮಾಸ್ತರು ಇಂಕ್ ಪ್ಯಾಡ್ ಮುಂದೆ ಸರಿಸಿದರು. ಒಳ್ಳೆಯ ಮನಸ್ಸಿನಿಂದಲೇ.

"ಅಜ್ಜಾರ, ತ್ರಾಸ ಮಾಡ್ಕೋಬ್ಯಾಡ್ರಿ. ಹೆಬ್ಬೆಟ್ಟ ಒತ್ತಿದ್ರೂ ನಡೀತೈತಿ."

"ನಿಮಗ ನಡೀತೈತ್ರಿ," ಎಂದ ಅಪ್ಪ.

ಜೇಬಿನಿಂದ ಪೆನ್ನು ತೆಗೆದು ಪೂರ್ತಿ ಮುಷ್ಟಿಗೆ ತೆಗೆದುಕೊಂಡ. ಸುಧಾ ಪಕ್ಕದಲ್ಲಿ ಕಾಗದ ಒತ್ತಿ ಹಿಡಿದಳು. ಕೈ ಒಂದು ಸಲ ಅದುರಿ, ತೂಕಕ್ಕೆ ಮಣಿದು ಕೂತಿತು. ಚನ್ನಬಸವಣ್ಣೆಪ್ಪ. ಮೂರು ಒತ್ತಕ್ಷರ, ಒಂದನ್ನೂ ಬಿಡಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಲೊಚಗುಟ್ಟಿದರು. ಅವನಿಗೆ ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. ನಮ್ಮ ಮನೆಯವರು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದರು. ಆ ಕ್ಯಾಲೆಂಡರ್‌ನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಸಹಿ ಚೌಕ ದಾಟಿ ಪಕ್ಕದವರ ಜಾಗಕ್ಕೂ ಸ್ವಲ್ಪ ನುಗ್ಗಿತ್ತು. ಗುಮಾಸ್ತರು ನೋಡಿದರು, ನಕ್ಕು ಮೊಹರು ಒತ್ತಿದರು. ನಾವು ಏಳುವಾಗ ಮೆಲ್ಲಗೆ, "ಆ ಪೆನ್ನು ಒಂಚೂರು ಕೊಡ್ರಿ," ಎಂದರು. ಹಿಡಿದು, ತಿರುಗಿಸಿ, ರದ್ದಿ ಕಾಗದದ ಮೇಲೊಂದು ಗೆರೆ ಎಳೆದರು.

"ನಮ್ಮವ್ವಗೂ ಹಿಂಗ ಕೈ ನಡಗತಾವ್ರಿ. ಇಂಥಾದೊಂದು ಮಾಡಿ ಕೊಡ್ತೀರೇನ್ರಿ? ಈ ಕಟಗಿ ಎಲ್ಲಿ ಸಿಗತೈತಿ?"

"ಕಟಗಿ ಯಾವುದಾದ್ರೂ ನಡೀತೈತ್ರಿ," ಎಂದರು ನಮ್ಮ ಮನೆಯವರು. "ಮದ್ಲ ನಿಮ್ಮವ್ವಾರು ಏನ್ ಹಿಡದಾಗ ಕೈ ನಡಗೂದಿಲ್ಲ, ಅದನ್ನ ನೋಡ್ಕೊಂಡು ಹೇಳ್ರಿ."

ಗುಮಾಸ್ತರು ಪೆನ್ನು ಹಿಡಿದುಕೊಂಡೇ ಯೋಚನೆಗೆ ಬಿದ್ದರು. ರದ್ದಿ ಕಾಗದದ ಮೇಲೆ ಇನ್ನೊಂದು ಗೆರೆ ಎಳೆದರು.

ನಿಮ್ಮ ಮನೆಯ ಹಿರಿಯರ ಕೈ ಏನು ಹಿಡಿದಾಗ ನಡುಗುವುದಿಲ್ಲ, ನಿಮಗೆ ಗೊತ್ತಿದೆಯೇ?