ಎಡಗಡೆಯ ತಾಳ

ಬಳ್ಳಾರಿಯ ನಮ್ಮ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಗಾಜಿನ ರೂಮು ಇದೆ. ಕೆಳಗೆ ಟಿವಿ, ಫ್ರಿಜ್ಜು, ವಾಷಿಂಗ್ ಮಷೀನು, ಮಿಕ್ಸಿ, ಫ್ಯಾನುಗಳ ಸಂತೆ. ಮೇಲೆ ಆ ರೂಮಿನಲ್ಲಿ ಒಂದು ಸೋಫಾ, ದಪ್ಪನೆಯ ಜಮಖಾನ, ಎದೆಮಟ್ಟ ಎತ್ತರದ ಎರಡು ವಿದೇಶಿ ಸ್ಪೀಕರು, ಅಷ್ಟೇ. ಬೆಲೆ ಕೇಳಿದವರು "ಇದಕ್ಕ ಒಂದು ಬೈಕು ಬರ್ತೈತಲ್ರೀ" ಎಂದು ನಕ್ಕು ಮೆಟ್ಟಿಲಿಳಿಯುತ್ತಿದ್ದರು. ದೊಡ್ಡ ಊರುಗಳ ದೊಡ್ಡ ಮಳಿಗೆಗಳಲ್ಲಿ ಮಾತ್ರ ಮಾರುತ್ತಿದ್ದ ಕಂಪನಿಯೊಂದು, ಎಲ್ಲ ಸಾಮಾನೂ ಮಾರುವ ನಮ್ಮಂಥ ಅಂಗಡಿಗಳಲ್ಲೂ ಒಂದು ಕೈ ನೋಡೋಣ ಎಂದು ಹೊರಟಾಗ ನಮ್ಮ ಸಾಹುಕಾರರು ಹೂಂ ಅಂದುಬಿಟ್ಟಿದ್ದರು. ಆ ರೂಮಿಗೆ ಯಾರನ್ನು ಹಾಕುವುದು ಎಂಬ ಮಾತು ಬಂದಾಗ ಸೇಲ್ಸಿನವರೆಲ್ಲ ಮೆಲ್ಲಗೆ ಜಾರಿಕೊಂಡರು. ಮೇಲೆ ಕೂತು ನೊಣ ಹೊಡೆಯುವ ಕೆಲಸ ಯಾರಿಗೆ ಬೇಕು? ಕೊನೆಗೆ, ವರ್ಷಗಟ್ಟಲೆ ಮಿಕ್ಸಿ ಮಾರಿದ್ದ ನನ್ನ ತಲೆಗೆ ಅದನ್ನು ಕಟ್ಟಿದರು.

ಸಿಟ್ಟಿನಿಂದಲೇ ಮೆಟ್ಟಿಲು ಹತ್ತಿದ್ದೆ. ಬಾಗಿಲು ಹಾಕಿಕೊಂಡಾಗ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕೆಳಗೆ ಗೋಡೆ ತುಂಬ ಟಿವಿಗಳು, ಒಂದೊಂದರಲ್ಲಿ ಒಂದೊಂದು ಚಾನೆಲ್ಲು, ಜೊತೆಗೆ ದಿನವಿಡೀ ಗುರ್ರೆನ್ನುವ ಮಿಕ್ಸಿ. ನಮ್ಮೂರು ಕುರುಗೋಡಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಕೂತರೂ ಆ ಸದ್ದು ತಲೆಯಲ್ಲೇ ಇರುತ್ತಿತ್ತು. ಮನೆಯಲ್ಲಿ ನಾನು ಮಾತಾಡಿದರೆ "ಯಾಕ ಒದರ್ತಿ?" ಅನ್ನುತ್ತಿದ್ದರು. ಆ ರೂಮಿನಲ್ಲಿ ನನ್ನ ಉಸಿರು ನನಗೇ ಕೇಳಿಸಿತು. ಒಂದು ಪದ ಹಚ್ಚಿದರೆ ಹಾಡುವವಳು ಉಗುಳು ನುಂಗಿದ್ದೂ ಕೇಳಿಸುತ್ತಿತ್ತು. ನಾನು ಮತ್ತೆ ಕೆಳಗಿಳಿಯಬಾರದು ಎಂದು ಅಂದೇ ತೀರ್ಮಾನಿಸಿದೆ.

ಸಾಹುಕಾರರ ತೀರ್ಮಾನ ಬೇರೆ ಇತ್ತು. ಹಬ್ಬದ ಸೀಸನ್ ಶುರುವಾಗುತ್ತಿದ್ದಂತೆ ಮೇಲೆ ಬಂದು ರೂಮನ್ನು ಒಮ್ಮೆ ಅಳೆಯುವಂತೆ ನೋಡಿದರು.

"ನೋಡಮ್ಮಾ, ದೀಪಾವಳಿ ಒಳಗ ಒಂದಽ ಒಂದು ಜೋಡಿ ಹೋಗ್ಬೇಕು. ಹೋಗ್ಲಿಲ್ಲಂದ್ರ ಕಂಪನಿಗೆ ವಾಪಸ್ ಕಳಿಸಿ, ಇಲ್ಲಿ ವಾಷಿಂಗ್ ಮಷೀನ್ ಇಡ್ತೀನಿ. ನೀನು ನಿನ್ನ ಮಿಕ್ಸಿಗೆ ಹೋಗು."

ಕೂಸು ಹುಟ್ಟುವ ಮೊದಲೇ ಕುಲಾವಿ ಅಂತಾರಲ್ಲ, ಹಾಗೆ ಮರುದಿನವೇ ಎರಡು ವಾಷಿಂಗ್ ಮಷೀನು ರೂಮಿನ ಬಾಗಿಲ ಹೊರಗೆ ಬಂದು ನಿಂತವು. ದಿನಾ ಅವುಗಳ ಮುಖ ನೋಡುತ್ತಾ ಒಳಗೆ ಹೋಗುವುದೆಂದರೆ ನನಗೆ ಮೈ ಉರಿಯುತ್ತಿತ್ತು.

ಆಗ ಸಿಕ್ಕಿದವರು ಸಿರುಗುಪ್ಪದ ಅಕ್ಕಿ ಮಿಲ್ಲಿನ ಯಜಮಾನರು. ಮನೆಗೆ ದೊಡ್ಡ ಟಿವಿ ನೋಡಲು ಬಂದವರು ಮೇಲಕ್ಕೂ ಹತ್ತಿ ಬಂದು, "ಸೌಂಡ್ ಏರಿಸ್ರಿ" ಅಂದರು. ಏರಿಸಿದೆ. "ಇನ್ನಽ ಏರಿಸ್ರಿ." ಗಾಜು ಅದುರುವ ತನಕ ಏರಿಸಿದ ಮೇಲೆ ತಲೆಯಾಡಿಸಿದರು. ಆಯುಧಪೂಜೆಯ ದಿನ ಮಿಲ್ಲಿನ ಪೂಜೆ ಮುಗಿಸಿಕೊಂಡು, ಮನೆಯಾಕೆಯನ್ನೂ ಕರೆದುಕೊಂಡು ಬರುತ್ತೇನೆ, ದಿನ ಚೆನ್ನಾಗಿದೆ, ಅಂದೇ ಮುಗಿಸಿಬಿಡೋಣ ಎಂದು ಹೇಳಿ ಹೋದರು. ನಾನು ಅಂದಿನಿಂದ ವಾಷಿಂಗ್ ಮಷೀನುಗಳನ್ನು ಕಂಡರೆ ಮನಸ್ಸಿನಲ್ಲೇ ಅಣಕಿಸುತ್ತಿದ್ದೆ.

ಆಯುಧಪೂಜೆ ನಮ್ಮ ಅಂಗಡಿಗೂ ದೊಡ್ಡ ಹಬ್ಬ. ಗಲ್ಲಾಪೆಟ್ಟಿಗೆಯಿಂದ ಹಿಡಿದು ಡೆಲಿವರಿ ಗಾಡಿಯ ತನಕ ಎಲ್ಲಕ್ಕೂ, ಮಾರುವ ಪ್ರತಿಯೊಂದು ಸಾಮಾನಿಗೂ ಪೂಜೆ. ಸಾಹುಕಾರರ ತಾಯಿ, ಅಂಗಡಿಯವರಿಗೆಲ್ಲ ಅವ್ವ, ಬೆಳಿಗ್ಗೆಯೇ ಮಡಿಯುಟ್ಟು ಬರುತ್ತಾರೆ. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇದು ಮೂರು ಬೆರಳಿನಿಂದ ಅಡ್ಡಗೆರೆ ಎಳೆಯುವುದು ಅವರ ಕೈಯ ಕೆಲಸ. ಅದನ್ನು ಬೇರೆ ಯಾರೂ ಮಾಡುವಂತಿಲ್ಲ. ಫ್ರಿಜ್ಜಿನ ಬಾಗಿಲಿಗೆ, ಟಿವಿಯ ಅಂಚಿಗೆ, ಮಿಕ್ಸಿಯ ಹೊಟ್ಟೆಗೆ ಎಳೆಯುತ್ತಾ ಹೋದರೆ ಅಂಗಡಿಯೇ ಶಿವಪೂಜೆಗೆ ಕೂತಂತೆ ಕಾಣುತ್ತದೆ.

ನಾನು ಮೇಲಿನ ಸ್ಪೀಕರುಗಳ ಮುಂದಿನ ಬಟ್ಟೆಯ ಮುಸುಕನ್ನು ತೆಗೆದಿಟ್ಟಿದ್ದೆ. ಗಿರಾಕಿ ಕೇಳಲು ಬರುವ ದಿನ ಮುಸುಕು ತೆಗೆದಿರಬೇಕು ಎಂಬುದು ಕಂಪನಿಯ ಕಟ್ಟಪ್ಪಣೆ. ಆಮೇಲೆ ಮಂಗಳಾರತಿಗೆ ಕೆಳಗೆ ಬಂದು ಬಾಳೆಕಂದು ಕಟ್ಟುವುದರಲ್ಲಿ ಮುಳುಗಿದೆ. ಯಾವಾಗ ಅವ್ವ ಮೆಟ್ಟಿಲು ಹತ್ತಿದರೋ ಯಾರೂ ನೋಡಲಿಲ್ಲ. ಮಂಡಿನೋವಿನ ಮನುಷ್ಯರು ಮೇಲೆ ಹೋಗುತ್ತಾರೆ ಎಂದು ನನಗೆ ಹೊಳೆದೂ ಇರಲಿಲ್ಲ. ಕೈ ಒರೆಸಿಕೊಳ್ಳುತ್ತಾ ಇಳಿದು ಬಂದು, "ಎಲ್ಲಾಕ್ಕಿಂತ ತುಟ್ಟೀದು ಮ್ಯಾಲೆ ಐತಿ ಅಂದ್ರು. ಅದಕ್ಕ ಹಚ್ಚದಽ ಬಿಡಾಕ ಆಕತೇನು? ಒಂದಕ್ಕ ಹಚ್ಚಿ ಬಂದೆ, ಇನ್ನೊಂದಕ್ಕ ಆರತಿ ಆದಮ್ಯಾಲೆ ಹಚ್ತೀನಿ" ಅಂದರು.

ನನ್ನ ಕೈಯಲ್ಲಿದ್ದ ಬಾಳೆಕಂದು ಕೆಳಗೆ ಬಿತ್ತು.

ಓಡಿ ಮೇಲೆ ಹೋದೆ. ಎಡಗಡೆಯ ಸ್ಪೀಕರಿನ ನೆತ್ತಿಯ ಹತ್ತಿರ, ಹಣೆಯಂತೆ ಕಾಣುವ ಜಾಗದಲ್ಲಿ ಒಂದು ಸಣ್ಣ ಬಟ್ಟೆಯ ಉಬ್ಬು ಇರುತ್ತದೆ. ಟ್ವೀಟರ್ ಅನ್ನುತ್ತಾರೆ. ತಾಳ, ಗೆಜ್ಜೆ, ಬಳೆ, ಇಂಥ ಕಿಣಿಕಿಣಿ ದನಿಗಳೆಲ್ಲ ಹೊರಡುವುದು ಅಲ್ಲಿಂದಲೇ. ಬೆರಳು ತಾಗಿದರೂ ಕೆಡುವ ಜಾತಿ. ಅವ್ವ ಸರಿಯಾಗಿ ಅದರ ಮೇಲೆಯೇ ಮೂರು ಗೆರೆ ಎಳೆದಿದ್ದರು. ಹಣೆ ಎಂದು ತಿಳಿದರೋ ಏನೋ, ಭಕ್ತಿಯಿಂದ ಒತ್ತಿಯೇ ಎಳೆದಿದ್ದರು. ಉಬ್ಬು ಒಳಕ್ಕೆ ಕುಸಿದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅವ್ವನ ಮೇಲೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕುವುದು? ಕೌಲ್ ಬಜಾರಿನಲ್ಲಿ ಸ್ಪೀಕರ್ ರಿಪೇರಿ ಮಾಡುವ ಚಾಚಾಗೆ ಫೋನು ಹಚ್ಚಿದೆ. "ಅಂಟಿನ ಟೇಪು ಹಚ್ಚಿ ಮೆಲ್ಲಕ ಎಳೀರಿ ಬೆಹೆನ್. ಜೋರು ಮಾಡಿದ್ರೆ ಖತಂ" ಅಂದರು. ಹಚ್ಚಿದೆ, ಎಳೆದೆ. ಉಬ್ಬು ಟಕ್ಕೆಂದು ಹೊರಗೆ ಬಂತು, ಆದರೆ ಒಂದು ಮಗ್ಗುಲು ಸೊಟ್ಟಗೇ ಉಳಿಯಿತು. ತೇದ ವಿಭೂತಿ ಬಟ್ಟೆಯ ಎಳೆಗಳೊಳಗೆ ಇಳಿದು ಒಣಗಿ ಗಟ್ಟಿಯಾಗಿತ್ತು. ಇನ್ನೊಂದು ಜೋಡಿ ಅಂಗಡಿಯಲ್ಲಿ ಇರಲಿಲ್ಲ. ಸಾಹುಕಾರರಿಗೆ ಹೇಳೋಣ ಎಂದು ಬಾಗಿಲಿಗೆ ಬಂದರೆ ಅವರೇ ಎದುರಾದರು. ಹಿಂದೆ ಮಿಲ್ಲಿನ ಯಜಮಾನರು, ಅವರ ಹಿಂದೆ ಮನೆಯಾಕೆ.

"ಬರ್ರಿ ಬರ್ರಿ, ಕುಂದರ್ರಿ" ಎಂದು ಸಾಹುಕಾರರು ಉಬ್ಬಿ ಹೋಗಿದ್ದರು. ನನ್ನ ಮುಖವನ್ನು ಅವರು ನೋಡಲೇ ಇಲ್ಲ.

ಯಜಮಾನರು ಸೋಫಾದಲ್ಲಿ ಕೂತರು. ಮನೆಯಾಕೆ ಕೂಡಲಿಲ್ಲ, ಎಡಗಡೆಯ ಗೋಡೆಗೆ ಸರಿದು ನಿಂತರು. ಅವರನ್ನು ಯಾರೂ ಏನೂ ಕೇಳಲಿಲ್ಲ. ಮಿಕ್ಸಿಯಾದರೆ ಹೆಂಗಸರನ್ನು ಕೇಳುತ್ತಾರೆ, ಸ್ಪೀಕರಿಗೆ ಯಾರು ಕೇಳುತ್ತಾರೆ? ಯಜಮಾನರು ತಮ್ಮ ಮೊಬೈಲು ಕೊಟ್ಟು, "ಇದನ್ನ ಹಚ್ರಿ. ಈಕೀ ತವರುಮನಿ ಭಜನಿ. ಕರೂರಾಗ ನಾನಽ ರೆಕಾರ್ಡ್ ಮಾಡ್ಕೊಂಡಿದ್ದು" ಅಂದರು.

ತಾಳವಿಲ್ಲದ ಹಾಡು ಯಾವುದಾದರೂ ಕೊಟ್ಟಿದ್ದರೆ ಬಚಾವಾಗುತ್ತಿದ್ದೆನೇನೋ. ಭಜನೆಯೆಂದರೆ ತಾಳ ಇದ್ದೇ ಇರುತ್ತದೆ. ಹಚ್ಚಿದೆ.

ದಮ್ಮಡಿಯ ಬಡಿತ ಶುರುವಾಯಿತು, ಹಾರ್ಮೋನಿಯಂ ಬಂತು. ಬಲಗಡೆ ತಾಳ ಕಿಣ್ಣೆಂದು ಬಿಚ್ಚಿಕೊಂಡಿತು. ಎಡಗಡೆ ಕಂಬಳಿ ಹೊದ್ದಂತೆ ಉಸಿರುಗಟ್ಟಿತ್ತು. ನಾನು ಯಜಮಾನರ ಮುಖವನ್ನೇ ನೋಡುತ್ತಿದ್ದೆ. ಅವರು ತೊಡೆ ತಟ್ಟುತ್ತಿದ್ದರು. "ಭಾರೀ ಐತ್ರಿ. ಏರಿಸ್ರಿ." ಏರಿಸಿದೆ. "ಆತು ಬಿಡ್ರಿ, ಪ್ಯಾಕ್ ಮಾಡ್ಸ್ರಿ" ಅಂದರು. ಸಾಹುಕಾರರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಬಚಾವಾದೆ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಗೋಡೆಯ ಹತ್ತಿರದಿಂದ ಸಣ್ಣ ದನಿ ಬಂತು.

"ಈ ಕಡೀದರಾಗ ತಾಳ ಸತ್ತೈತ್ರಿ."

ಸಾಹುಕಾರರು ನಕ್ಕರು. "ಅಕ್ಕಾರ, ಫಾರಿನ್ ಮಾಲ್ರಿ ಅದು."

"ಇರ್ಬೌದ್ರಿ. ತಾಳ ಹಾಕೋದು ನಮ್ಮಣ್ಣ. ಅಂವ ಹಿಂಗ ಹಾಕಂಗಿಲ್ಲ."

ಎಲ್ಲರೂ ನನ್ನ ಕಡೆ ನೋಡಿದರು. ಆಗ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಅಷ್ಟು ಚೆನ್ನಾಗಿ ಕೇಳುವ ಕಿವಿಯೊಂದು ಆ ರೂಮಿಗೆ ಬಂದದ್ದು ಅದೇ ಮೊದಲು. ಅದಕ್ಕೆ ಮೋಸ ಮಾಡಿ ಉಳಿಸಿಕೊಂಡ ರೂಮಿನಲ್ಲಿ ಕೂತು ನಾನು ಏನು ಕೇಳಲಿ? "ಅವರು ಹೇಳೋದು ಖರೇನಽ ಐತ್ರಿ. ಬೆಳಿಗ್ಗೆ ಪೂಜಾದಾಗ ಅವ್ವಾರು ವಿಭೂತಿ ಹಚ್ಚಿದ್ರು. ಒಳಗ ಹೋಗೇತಿ. ನಿಮಗ ಕಂಪನಿಯಿಂದ ಬರೋದು ಹೊಸಾ ಜೋಡಿ ರೀ, ಇದಲ್ಲ" ಅಂದೆ.

"ನಮ್ಮವ್ವನ ಮ್ಯಾಲೆ ಹಾಕ್ತೀಯೇನು?" ಸಾಹುಕಾರರ ಮುಖ ಕೆಂಡವಾಯಿತು. "ಹಬ್ಬದ ದಿನ, ಗಿರಾಕಿ ಮುಂದ?"

ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಕೈ ಎತ್ತಿದರು. ಅವರಿಗೆ ನಮ್ಮ ಜಗಳ ಬೇಕಿರಲಿಲ್ಲ. ಅವರು ಹೆಂಡತಿಯನ್ನೇ ನೋಡುತ್ತಿದ್ದರು.

"ಒಂದೊಂದಽ ಹಚ್ರಿ. ಮೊದಲ ಆ ಕಡೀದು."

ಎಡಗಡೆಯದೊಂದನ್ನೇ ಹಚ್ಚಿದೆ. ಆಮೇಲೆ ಬಲಗಡೆಯದು. ಯಜಮಾನರು ಎದ್ದು ಬಂದು ಬಲಗಡೆಯ ಸ್ಪೀಕರಿಗೆ ಕಿವಿಯನ್ನು ಆನಿಸಿಯೇಬಿಟ್ಟರು.

"ತಾಳ ಎಲ್ಲೈತಿ?"

"ಈಗ ಬಡ್ಯಾಕತ್ಯಾನಲ್ರೀ" ಅಂದರು ಮನೆಯಾಕೆ.

"ಈಗ?"

"ಹೂನ್ರಿ. ಈಗ್ನೂ."

ಅವರು ಎಡಕ್ಕೆ ಹೋದರು, ಮತ್ತೆ ಬಲಕ್ಕೆ ಬಂದರು. ಮುಖದ ಬಣ್ಣ ಇಳಿಯುತ್ತಾ ಬಂತು. ನಾನು ಸೌಂಡು ಏರಿಸಿದೆ, ಅವರು ಬೇಡವೆಂದು ಕೈಯಾಡಿಸಿದರು. ಕೊನೆಗೆ ಯಾರಿಗೆಂದಿಲ್ಲದೆ ಹೇಳಿದರು.

"ನನಗ ಎರಡೂ ಒಂದಽ. ಎರಡ್ರಾಗೂ ತಾಳ ಇಲ್ಲ."

ಹುಡುಗನಾಗಿದ್ದಾಗಿನಿಂದ ಮಿಲ್ಲಿನ ಸದ್ದಿನಲ್ಲಿ ನಿಂತವರು ಅವರು. ಭತ್ತ ಕುಟ್ಟುವ ಯಂತ್ರದ ಪಕ್ಕದಲ್ಲಿ ಕಿವಿಯ ಒಂದು ಭಾಗ ಯಾವಾಗ ಉದುರಿ ಹೋಯಿತೋ ಅವರಿಗೇ ಗೊತ್ತಾಗಿರಲಿಲ್ಲ. ಮನೆಯಾಕೆ ಸೆರಗಿನ ತುದಿಯನ್ನು ಹಿಡಿದುಕೊಂಡು, "ನಾ ಏನೂ ಅನಬಾರದಿತ್ತು" ಅಂದರು. ಯಜಮಾನರು ಮೊಬೈಲು ಇಸಿದುಕೊಂಡು ಕೆಳಗೆ ಹೋದರು. ಸ್ಪೀಕರೂ ಇಲ್ಲ, ಟಿವಿಯೂ ಇಲ್ಲ.

ಆ ಸಂಜೆ ಸಾಹುಕಾರರು ನನಗೆ ಎರಡೇ ಮಾತು ಹೇಳಿದರು. ಅವ್ವನ ಕಿವಿಗೆ ಈ ಸುದ್ದಿ ಬೀಳಕೂಡದು. ದೀಪಾವಳಿ ತನಕ ಅಂದಿದ್ದೇನೆ, ಅಲ್ಲಿಯ ತನಕ ಇರು. ಆಮೇಲಿನ ದಿನಗಳಲ್ಲಿ ಮೇಲೆ ಯಾರೂ ಹತ್ತಲಿಲ್ಲ. ನಾನು ಎಡಗಡೆಯದಕ್ಕೆ ಮುಸುಕು ಹಾಕಿ ಕೂತೆ. ಬಾಗಿಲ ಹೊರಗೆ ವಾಷಿಂಗ್ ಮಷೀನು ಮೂರಾದವು. ನನ್ನ ಸಂಕಟ ರೂಮಿಗಾಗಿಯೋ ಆ ಯಜಮಾನರಿಗಾಗಿಯೋ ಎಂದು ಬಸ್ಸಿನಲ್ಲಿ ಯೋಚಿಸುತ್ತಿದ್ದೆ, ಎರಡೂ ಬಿಡುತ್ತಿರಲಿಲ್ಲ.

ದೀಪಾವಳಿ ಇನ್ನೇನು ಬಂತು ಅನ್ನುವಾಗ ಅಂಗಡಿಗೆ ಫೋನು ಬಂತು. ಮಿಲ್ಲಿನ ಯಜಮಾನರೇ. "ಆ ಹೊಸಾ ಜೋಡಿ ತರಿಸ್ರಿ. ಕೂಡ್ಸಾಕ ಆ ಅಕ್ಕನಽ ಬರ್ಲಿ." ಸಾಹುಕಾರರು ಫೋನಿಟ್ಟು, ವಾಷಿಂಗ್ ಮಷೀನುಗಳನ್ನು ಕೆಳಗಿಳಿಸಲು ಹೇಳಿದರು. ನನ್ನ ಕಡೆ ನೋಡದೆ, "ರೂಮು ಇರ್ಲಿ" ಅಂದರು.

ಸಿರುಗುಪ್ಪದಲ್ಲಿ ಅವರ ಮನೆಯ ಪಡಸಾಲೆಯಲ್ಲಿ ಸ್ಪೀಕರು ಕೂಡಿಸಿದೆ. ಈ ಸಲ ಮೊದಲು ಮುಸುಕು ಹಾಕಿ, ಆಮೇಲೆ ವಿಭೂತಿಗೆ ಮೇಲಿನ ಕಟ್ಟಿಗೆಯ ಜಾಗ ತೋರಿಸಿದೆ. ಮನೆಯಾಕೆ ನಗುತ್ತಾ ಅಲ್ಲಿಯೇ ಮೂರು ಗೆರೆ ಎಳೆದರು. ಯಜಮಾನರು ಮೊಬೈಲು ಕೊಟ್ಟರು. ಕರೂರಿನ ಭಜನೆ ಶುರುವಾಯಿತು. ತಾಳ ಬಂದದ್ದೇ ಮನೆಯಾಕೆಯ ಬೆರಳು ಕುರ್ಚಿಯ ಕೈ ಮೇಲೆ ತಾನಾಗಿಯೇ ಬಡಿಯತೊಡಗಿತು. ಕಣ್ಣು ಮುಚ್ಚಿದ್ದರು, ಅವರಿಗೆ ಗೊತ್ತೇ ಇರಲಿಲ್ಲ. ಯಜಮಾನರು ಸ್ಪೀಕರಿನ ಕಡೆ ನೋಡುತ್ತಿರಲಿಲ್ಲ. ಆ ಬೆರಳನ್ನು ನೋಡುತ್ತಾ, ಅದು ಬಿದ್ದಾಗಲೆಲ್ಲ ಮೆಲ್ಲಗೆ ತಲೆಯಾಡಿಸುತ್ತಿದ್ದರು.

ಅವರಿಗೂ ಒಂದಿಷ್ಟು ಕೇಳಲಿ ಎಂದು ನಾನು ರಿಮೋಟು ಎತ್ತಿ ಸೌಂಡು ಏರಿಸಲು ಹೋದೆ. ಅವರು ಸನ್ನೆ ಮಾಡಿ ತಡೆದರು.

"ಬ್ಯಾಡ್ರಿ, ಇಷ್ಟಽ ಇರ್ಲಿ. ಆಕೀಗೆ ಕೇಳಾಕತ್ತೈತಿ."

ನಾನು ರಿಮೋಟು ಕೆಳಗಿಟ್ಟೆ.